ದೇಶದ ಹಕ್ಕಿ ಜೋಡಿಗಳ ಲೆಕ್ಕ: ಬ್ರಿಟನ್ನಿನಲ್ಲಿ ಮಾಡುವ ಬಗೆ

ಯುನೈಟೆಡ್ ಕಿಂಗ್‌ಡಮ್ಮಿನಲ್ಲಿ ಗೂಡು ಕಟ್ಟುವ ರೆನ್ ಹಕ್ಕಿಗಳು ಸುಮಾರು 1.1 ಕೋಟಿ ಜೋಡಿ ಎಂದು 2020ರ ಅಂದಾಜು ಹೇಳುತ್ತದೆ. ಅಷ್ಟನ್ನೂ ಕೂತು ಎಣಿಸಿದವರಿಲ್ಲ. ಅಲ್ಲಿನ ಸಾಮಾನ್ಯ ಹಕ್ಕಿಗಳ ಲೆಕ್ಕಕ್ಕೆ 1994ರಲ್ಲಿ ಶುರುವಾದ ಬ್ರೀಡಿಂಗ್ ಬರ್ಡ್ ಸರ್ವೆಯೇ (ಗೂಡು ಕಟ್ಟುವ ಹಕ್ಕಿಗಳ ಸಮೀಕ್ಷೆ) ಮುಖ್ಯ ಆಧಾರ.

ಮೊದಲು ದೇಶವನ್ನು ಒಂದು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಹಂಚಿ, ಚೀಟಿ ಎತ್ತಿದಂತೆ ಕೆಲವನ್ನು ಆರಿಸಿ. ಹಕ್ಕಿ ತುಂಬಿದ ಜಾಗಗಳನ್ನೇ ಹುಡುಕಿ ಹೋದರೆ ಲೆಕ್ಕ ಉಬ್ಬುತ್ತದೆ. ಎಣಿಸುವವರು ಹೆಚ್ಚಿರುವ ಕಡೆ ಹೆಚ್ಚು ಚೌಕ ಕೊಡಬಹುದು, ಆದರೆ ಕೊನೆಗೆ ಒಟ್ಟು ಕಟ್ಟುವಾಗ ಪ್ರತಿ ಪ್ರದೇಶಕ್ಕೂ ಅದರ ವಿಸ್ತೀರ್ಣಕ್ಕೆ ತಕ್ಕ ತೂಕವೇ ಸಲ್ಲಬೇಕು.

ಚೌಕದೊಳಗೆ ನಡೆಯಲು ಒಂದೊಂದು ಕಿಲೋಮೀಟರಿನ ಎರಡು ಸಾಲು ಗುರುತಿಸಿಕೊಳ್ಳಿ. ಏಪ್ರಿಲ್ ಆರಂಭದಿಂದ ಮೇ ನಡುವಿನೊಳಗೆ ಒಮ್ಮೆ, ಕನಿಷ್ಠ ನಾಲ್ಕು ವಾರ ಬಿಟ್ಟು ಜೂನ್ ಮುಗಿಯುವುದರೊಳಗೆ ಇನ್ನೊಮ್ಮೆ ನಡೆಯಿರಿ. ಬೆಳಗ್ಗೆ 6ರಿಂದ 7ರ ನಡುವೆ ಹೊರಟರೆ ಒಳ್ಳೆಯದು, 9 ದಾಟಬಾರದು. ಮಳೆ, ಜೋರು ಗಾಳಿ ಇದ್ದರೆ ಆ ದಿನ ಬಿಡಿ; ಹೆಚ್ಚಿನ ಹಕ್ಕಿಗಳು ಸಿಗುವುದು ಕಣ್ಣಿಗಲ್ಲ, ಕಿವಿಗೆ. ಈ ವರ್ಷದ ಮರಿಗಳನ್ನು ಬರೆಯಬೇಡಿ. ಕಂಡ, ಕೇಳಿದ ಪ್ರತಿ ಹಕ್ಕಿಗೂ ಸಾಲಿನಿಂದ ಅಡ್ಡಕ್ಕೆ ಎಷ್ಟು ದೂರ ಎಂದು ನಮೂದಿಸಿ: 25 ಮೀಟರಿನೊಳಗೆ, 25ರಿಂದ 100, ಅದರಾಚೆ. ಸುಮ್ಮನೆ ಹಾರಿಹೋದವು ಬೇರೆ ಕಾಲಮ್ಮಿಗೆ. ಎರಡು ಭೇಟಿಗಳ ಸಂಖ್ಯೆಯನ್ನು ಕೂಡಿಸದೆ ದೊಡ್ಡದನ್ನು ಇಟ್ಟುಕೊಳ್ಳಿ.

ದೂರ ಬರೆಯುವ ಕೆಲಸ ಬೇಸರ ತರಿಸುತ್ತದೆ. ಆದರೂ ಇಡೀ ಲೆಕ್ಕದ ಜೀವ ಇರುವುದು ಅಲ್ಲೇ. ಹತ್ತು ಚೌಕಗಳಲ್ಲಿ 20 ಕಿಲೋಮೀಟರ್ ನಡೆದಿರಿ ಎನ್ನಿ. ಎರಡೂ ಬದಿ ಸೇರಿ ಒಳಪಟ್ಟಿ (25 ಮೀಟರಿನೊಳಗೆ) 1 ಚದರ ಕಿಲೋಮೀಟರ್, ನಡುಪಟ್ಟಿ (25ರಿಂದ 100) 3. ಒಳಗೆ 60 ಹಕ್ಕಿ ಸಿಕ್ಕಿದ್ದರೆ ನಡುಪಟ್ಟಿಯಲ್ಲಿ 180 ಸಿಗಬೇಕಿತ್ತು. ಸಿಕ್ಕಿದ್ದು 60 ಮಾತ್ರ. ಅಂದರೆ ಅಲ್ಲಿ ಮೂರರಲ್ಲಿ ಎರಡು ತಪ್ಪಿಹೋಗಿವೆ. ಒಟ್ಟು 120ನ್ನು ಸುಮ್ಮನೆ 4ರಿಂದ ಭಾಗಿಸಿದರೆ ಚದರ ಕಿಲೋಮೀಟರಿಗೆ 30 ಬರುತ್ತದೆ, ನಿಜವಾದ ಸಾಂದ್ರತೆ 60ಕ್ಕೆ ಕಡಿಮೆಯಿಲ್ಲ. ಒಳಪಟ್ಟಿಯಲ್ಲೂ ಕೆಲವು ತಪ್ಪುವುದರಿಂದ, ದೂರ ಹೆಚ್ಚಿದಂತೆ ಪತ್ತೆ ಎಷ್ಟು ಇಳಿಯುತ್ತದೆ ಎಂಬ ರೇಖೆಯನ್ನು ಸಾಫ್ಟ್‌ವೇರಿನಲ್ಲಿ ಕೂರಿಸಬೇಕು. ಇದಕ್ಕೆ ಜಾತಿಯೊಂದಕ್ಕೆ 60–80 ದಾಖಲೆಯಾದರೂ ಬೇಕು. ಕಾಡಿಗೂ ಬಯಲಿಗೂ ಬೇರೆಬೇರೆ ರೇಖೆ ಹಾಕಿ, ಎಲೆ ದಟ್ಟವಾದಲ್ಲಿ ದೂರದ ಹಕ್ಕಿ ಬೇಗ ಮರೆಯಾಗುತ್ತದೆ.

ಹಕ್ಕಿಗಳ ಲೆಕ್ಕವನ್ನು ಜೋಡಿಗಳ ಲೆಕ್ಕ ಮಾಡುವಾಗ ಹೆಚ್ಚಿನವರು ಎಡವುತ್ತಾರೆ. ಹಕ್ಕಿಯ ಸಂಖ್ಯೆಯನ್ನು ಕಣ್ಣುಮುಚ್ಚಿ ಅರ್ಧ ಮಾಡಬಾರದು. ದಾಖಲಾದವು ಬಹುತೇಕ ಹಾಡುವ ಗಂಡುಗಳಾದರೆ ಒಂದೊಂದೂ ಒಂದು ನೆಲೆ, ಅಂದರೆ ಒಂದು ಜೋಡಿ; ಗಂಡುಹೆಣ್ಣು ಎರಡೂ ಸಮನಾಗಿ ಕಂಡರಷ್ಟೇ ಅರ್ಧ.

ಕಡಲ ಹಕ್ಕಿಗಳಿಗೆ ಈ ಸಾಲುನಡಿಗೆ ಒಗ್ಗದು. ಬರಿಯ ಬಂಡೆಯಂಚಿನಲ್ಲಿ ಮೊಟ್ಟೆಯಿಡುವ ಗಿಲೆಮಾಟ್‌ಗೆ ಗೂಡೇ ಇಲ್ಲ, ಹಾಗಾಗಿ ಜೂನ್‌ನಲ್ಲಿ ಹಗಲು ಕೂತ ಹಕ್ಕಿಗಳನ್ನು ಎಣಿಸಿ, ಜೋಡಿಗಳ ಅಂದಾಜಿಗೆ 0.67ರಿಂದ ಗುಣಿಸುತ್ತಾರೆ. ಬಿಲದೊಳಗಿರುವ ಮ್ಯಾಂಕ್ಸ್ ಶಿಯರ್‌ವಾಟರ್‌ಗೆ ಅದರದೇ ಕೂಗಿನ ಧ್ವನಿಮುದ್ರಿಕೆ ಕೇಳಿಸಿ, ಉತ್ತರ ಕೊಟ್ಟ ಬಿಲಗಳನ್ನು ಎಣಿಸಬೇಕು. ಎಲ್ಲವೂ ಉತ್ತರಿಸುವುದಿಲ್ಲ. ಹಕ್ಕಿ ಇದೆಯೆಂದು ಖಚಿತವಾದ ಬಿಲಗಳಲ್ಲಿ ಅರ್ಧ ಮಾತ್ರ ಓಗೊಟ್ಟರೆ ಎಣಿಕೆಯನ್ನು ಎರಡರಿಂದ ಗುಣಿಸಿ. ಈ ಪ್ರಮಾಣವನ್ನು ಅದೇ ದ್ವೀಪದಲ್ಲಿ, ಅದೇ ಋತುವಿನಲ್ಲಿ ಅಳೆಯಿರಿ. ಬೇರೆಡೆಯದನ್ನು ತಂದು ಹಾಕಿದರೆ ಸಾವಿರಾರು ಜೋಡಿ ಆಚೀಚೆಯಾಗುತ್ತವೆ.