ಮರುವಿಮರ್ಶೆಯಲ್ಲಿ ‘ಪಿಪ್’ ಕಡಿಮೆಯಾದರೆ ಪ್ರಶ್ನಿಸುವುದು ಹೇಗೆ?

ಬ್ರಿಟನ್ನಿನಲ್ಲಿ ಎಲ್ಲರ ಬಾಯಲ್ಲಿ ‘ಪಿಪ್’ ಎಂದೇ ಬಳಕೆಯಲ್ಲಿರುವ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ 2013ರಲ್ಲಿ ಜಾರಿಗೆ ಬಂದ ಅಂಗವೈಕಲ್ಯ ಭತ್ಯೆ. ಇದು ಒಮ್ಮೆ ಮಂಜೂರಾದರೆ ಸಾಮಾನ್ಯವಾಗಿ ಒಂದು ಅವಧಿಗೆ ಮಾತ್ರ ಸಿಗುತ್ತದೆ. ಅವಧಿ ಮುಗಿಯುವ ಮೊದಲು ‘ಎಆರ್1’ ಎಂಬ ಮರುವಿಮರ್ಶೆಯ ಫಾರಂ ಮನೆಗೆ ಬರುತ್ತದೆ, ಅದನ್ನು ತುಂಬಿ ಕಳಿಸಿದ ಮೇಲೆ ಹಲವರಿಗೆ ಫೋನಿನಲ್ಲೋ ಮುಖಾಮುಖಿಯಾಗಿಯೋ ಮೌಲ್ಯಮಾಪನ ನಡೆಯುತ್ತದೆ, ಕೊನೆಗೊಂದು ದಿನ ಡಿಪಾರ್ಟ್‌ಮೆಂಟ್ ಫಾರ್ ವರ್ಕ್ ಆ್ಯಂಡ್ ಪೆನ್ಷನ್ಸ್‌ನಿಂದ, ಅಂದರೆ ಡಿಡಬ್ಲ್ಯೂಪಿಯಿಂದ, ಕಂದು ಲಕೋಟೆಯೊಂದು ಬಂದು ಬೀಳುತ್ತದೆ. ಕಾಯಿಲೆ ಮೊದಲಿನಂತೆಯೇ ಇದ್ದು, ಔಷಧವೂ ಅದೇ ಇದ್ದು, ಭತ್ಯೆ ಮಾತ್ರ ಇಳಿದಿದೆ ಎಂದು ಆ ಪತ್ರ ಹೇಳಿದಾಗ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇಲ್ಲಿ ಹೇಳಿರುವ ಕ್ರಮ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುತ್ತದೆ. ಉತ್ತರ ಐರ್ಲೆಂಡಿನಲ್ಲಿ ನಿಯಮಗಳು ಹೆಚ್ಚುಕಡಿಮೆ ಹೀಗೆಯೇ ಇದ್ದರೂ ಕಚೇರಿಗಳು ಬೇರೆ. ಸ್ಕಾಟ್ಲೆಂಡಿನ ವ್ಯವಸ್ಥೆಯೇ ಬೇರೆ, ಅದರ ಬಗ್ಗೆ ಮುಂದೆ ಒಂದು ಮಾತು ಇದೆ.

ಮೊದಲು ಪತ್ರದ ಮೇಲಿನ ತಾರೀಖು ನೋಡಿ

ತೀರ್ಮಾನದ ಪತ್ರದ ಮೇಲೆ ಮುದ್ರಿಸಿರುವ ತಾರೀಖಿನಿಂದ ಒಂದು ತಿಂಗಳೊಳಗೆ ನೀವು ‘ಮ್ಯಾಂಡೇಟರಿ ರೀಕನ್ಸಿಡರೇಶನ್’, ಅಂದರೆ ಕಡ್ಡಾಯ ಮರುಪರಿಶೀಲನೆಯನ್ನು ಕೋರಬೇಕು. ಪತ್ರ ನಿಮ್ಮ ಕೈಗೆ ಸಿಕ್ಕ ದಿನದಿಂದ ಈ ಲೆಕ್ಕ ಶುರುವಾಗುವುದಿಲ್ಲ ಎಂಬುದನ್ನು ಗಮನಿಸಬೇಕು, ಏಕೆಂದರೆ ಅಂಚೆಯಲ್ಲಿ ಒಂದು ವಾರ ಕಳೆದುಹೋಗುವುದು ಅಪರೂಪವೇನಲ್ಲ. ಇದನ್ನು ‘ಕಡ್ಡಾಯ’ ಎಂದು ಕರೆಯಲು ಕಾರಣ, ಈ ಹಂತವನ್ನು ದಾಟದೆ ನೇರವಾಗಿ ಸ್ವತಂತ್ರ ನ್ಯಾಯಮಂಡಳಿಯಾದ ಟ್ರಿಬ್ಯೂನಲ್‌ಗೆ ಹೋಗಲು ಸಾಧ್ಯವಿಲ್ಲ.

ಸಾಕ್ಷ್ಯವೆಲ್ಲ ಕೈಸೇರಲಿ ಎಂದು ಕಾಯುತ್ತ ಕೂರುವುದು ಜನರು ಸಾಮಾನ್ಯವಾಗಿ ಮಾಡುವ ತಪ್ಪು. ಮೊದಲು ಫೋನ್ ಮಾಡಿಯಾದರೂ ಕೋರಿಕೆಯನ್ನು ದಾಖಲಿಸಿ, ದಿನ ಮತ್ತು ಸಮಯವನ್ನು ಬರೆದಿಟ್ಟುಕೊಂಡು, ಸಾಕ್ಷ್ಯ ಆಮೇಲೆ ಬರುತ್ತದೆ ಎಂದು ಸ್ಪಷ್ಟವಾಗಿ ತಿಳಿಸಿ. ಅದರ ಬೆನ್ನಿಗೇ ಪತ್ರದ ಮೂಲಕ ಅಥವಾ ‘ಸಿಆರ್‌ಎಂಆರ್1’ ಫಾರಂನಲ್ಲಿ ಕಾರಣಗಳನ್ನು ಬರೆದು ಕಳಿಸಬಹುದು. ಪ್ರತಿ ಹಾಳೆಯ ಮೇಲೆ ನಿಮ್ಮ ಹೆಸರು ಮತ್ತು ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಇರಲಿ. ಪೋಸ್ಟ್ ಆಫೀಸಿನಲ್ಲಿ ಕೇಳಿದರೆ ಲಕೋಟೆ ಕಳಿಸಿದ್ದಕ್ಕೆ ಪುರಾವೆಯಾಗಿ ಉಚಿತ ರಸೀದಿ ಕೊಡುತ್ತಾರೆ. ಕಾಗದ ಕಳೆದುಹೋಯಿತೆಂಬ ವಾದ ಎದ್ದಾಗ ಆ ಚೀಟಿಯೇ ನಿಮ್ಮ ನೆರವಿಗೆ ಬರುತ್ತದೆ.

ಒಂದು ತಿಂಗಳು ಮೀರಿಹೋಗಿದ್ದರೂ ಆಸೆ ಬಿಡಬೇಕಾಗಿಲ್ಲ. ಆಸ್ಪತ್ರೆಯಲ್ಲಿದ್ದದ್ದು, ಮನೆಯಲ್ಲಿ ಸಾವು ಸಂಭವಿಸಿದ್ದು ಮುಂತಾದ ತಕ್ಕ ಕಾರಣವಿದ್ದರೆ ತೀರ್ಮಾನದ ತಾರೀಖಿನಿಂದ 13 ತಿಂಗಳವರೆಗೆ ತಡವಾದ ಕೋರಿಕೆಯನ್ನು ಸಲ್ಲಿಸಬಹುದು. ಆ ಕೋರಿಕೆಯನ್ನು ತಡವಾಯಿತೆಂಬ ಕಾರಣಕ್ಕೆ ಡಿಡಬ್ಲ್ಯೂಪಿ ತಳ್ಳಿಹಾಕಿದರೂ ಟ್ರಿಬ್ಯೂನಲ್‌ಗೆ ಹೋಗುವ ಹಕ್ಕು ಉಳಿಯುತ್ತದೆ ಎಂದು ಅದರ ಮೇಲಿನ ನ್ಯಾಯಮಂಡಳಿಯಾದ ಅಪ್ಪರ್ ಟ್ರಿಬ್ಯೂನಲ್ 2017ರಲ್ಲಿ ಹೇಳಿದೆ.

ಕಳೆದುಹೋದ ಅಂಕಗಳನ್ನು ಹುಡುಕಿ

ಪಿಪ್ ಕಾಯಿಲೆಯ ಹೆಸರಿಗೆ ಕೊಡುವ ಹಣವಲ್ಲ. ನಿತ್ಯ ಜೀವನದ 10 ಚಟುವಟಿಕೆಗಳು ಮತ್ತು ಓಡಾಟದ 2 ಚಟುವಟಿಕೆಗಳಲ್ಲಿ ಪ್ರತಿಯೊಂದಕ್ಕೂ ನಿಮ್ಮ ಕಷ್ಟಕ್ಕೆ ಹೊಂದುವ ಒಂದು ವಾಕ್ಯವನ್ನು ಆರಿಸಿ, ಆ ವಾಕ್ಯಕ್ಕೆ ನಿಗದಿಯಾದ ಅಂಕವನ್ನು ಕೊಟ್ಟು, ನಿತ್ಯ ಜೀವನ ಮತ್ತು ಓಡಾಟಗಳನ್ನು ಬೇರೆಬೇರೆಯಾಗಿ ಕೂಡುತ್ತಾರೆ. ಒಂದು ಭಾಗದಲ್ಲಿ 8 ಅಂಕ ಬಂದರೆ ಸ್ಟ್ಯಾಂಡರ್ಡ್ ದರ, 12 ಬಂದರೆ ಎನ್‌ಹ್ಯಾನ್ಸ್ಡ್ ದರ. 2025–26ರಲ್ಲಿ ನಿತ್ಯ ಜೀವನದ ಭಾಗಕ್ಕೆ ಈ ಎರಡು ದರಗಳು ವಾರಕ್ಕೆ 73.90 ಮತ್ತು 110.40 ಪೌಂಡ್, ಓಡಾಟದ ಭಾಗಕ್ಕೆ 29.20 ಮತ್ತು 77.05 ಪೌಂಡ್ ಇದ್ದವು. ಹೀಗಾಗಿ ಓಡಾಟದಲ್ಲಿ 12 ಇದ್ದ ಅಂಕ 10ಕ್ಕೆ ಇಳಿದರೆ, ಕಾಗದದ ಮೇಲೆ ಎರಡೇ ಅಂಕವಾದರೂ, ಆ ವರ್ಷದ ದರದಲ್ಲಿ ವಾರಕ್ಕೆ 47.85 ಪೌಂಡ್ ಹೋಗುತ್ತಿತ್ತು. ಮೋಟಬಿಲಿಟಿ ಯೋಜನೆಯಡಿ ಕಾರು ಪಡೆಯಲು ಎನ್‌ಹ್ಯಾನ್ಸ್ಡ್ ಓಡಾಟದ ದರವೇ ಬೇಕಾಗಿರುವುದರಿಂದ ಕಾರಿಗೂ ಕುತ್ತು ಬರುತ್ತದೆ.

ಆದ್ದರಿಂದ ಮರುವಿಮರ್ಶೆಯ ತೀರ್ಮಾನವನ್ನು ಪ್ರಶ್ನಿಸುವವರಿಗೆ, ಹೊಸದಾಗಿ ಅರ್ಜಿ ಹಾಕಿದವರಿಗೆ ಇಲ್ಲದ ಒಂದು ಅನುಕೂಲವಿದೆ: ಅವರ ಬಳಿ ಹಳೆಯ ತೀರ್ಮಾನ ಇದೆ. ಡಿಡಬ್ಲ್ಯೂಪಿಗೆ ಫೋನ್ ಮಾಡಿ ಹೊಸ ಮೌಲ್ಯಮಾಪನದ ವರದಿಯನ್ನೂ ಹಿಂದಿನ ವರದಿಯನ್ನೂ ಕೇಳಿ ತರಿಸಿಕೊಳ್ಳಿ. ಇದಕ್ಕೆ ‘ಪಿಎ4’ ವರದಿ ಎಂದು ಹೆಸರು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಚಟುವಟಿಕೆಯಿಂದ ಚಟುವಟಿಕೆಗೆ ಹೋಗುತ್ತ, ಹಿಂದೆ ಎಷ್ಟು ಅಂಕ ಇತ್ತು, ಈಗ ಎಷ್ಟಾಗಿದೆ, ಯಾವ ಕಾರಣ ಕೊಟ್ಟಿದ್ದಾರೆ ಎಂದು ಗುರುತು ಹಾಕಿಕೊಳ್ಳಿ. ಸ್ನಾನಕ್ಕೆ ಹಿಂದೆ ಮೂರು ಅಂಕ ಕೊಟ್ಟು, ಸ್ನಾನದ ತೊಟ್ಟಿಗೆ ಇಳಿಯಲು, ಏರಲು ಇನ್ನೊಬ್ಬರ ಆಸರೆ ಬೇಕೆಂದು ಒಪ್ಪಿದ್ದವರು ಈಗ ಹಿಡಿಕೆಯಂಥ ಸಾಧನವಿದ್ದರೆ ಸಾಕೆಂದು ಎರಡೇ ಅಂಕ ಕೊಟ್ಟಿದ್ದರೆ, ನಡುವೆ ನಿಮ್ಮ ಮೊಣಕಾಲಿನಲ್ಲಿ ಯಾವ ಸುಧಾರಣೆಯನ್ನು ಅವರು ಕಂಡರು ಎಂಬ ಪ್ರಶ್ನೆಗೆ ವರದಿಯಲ್ಲಿ ಉತ್ತರ ಇರಬೇಕು. ಬಹಳ ಸಲ ಇರುವುದಿಲ್ಲ. ಬದಲಾದದ್ದು ನಿಮ್ಮ ದೇಹವಲ್ಲ, ನಿಮ್ಮನ್ನು ನೋಡಿದ ವ್ಯಕ್ತಿ ಮಾತ್ರ ಎಂದು ಕಾಗದದಿಂದಲೇ ತೋರಿಸಲು ಸಾಧ್ಯವಾದರೆ ನಿಮ್ಮ ಪ್ರಕರಣದ ಅರ್ಧ ಕೆಲಸ ಆದಂತೆ. ಹಾಗೆಂದು ಹಿಂದೆ ಕೊಟ್ಟಿದ್ದರು ಎಂಬ ಒಂದೇ ಕಾರಣಕ್ಕೆ ಈಗಲೂ ಕೊಡಲೇಬೇಕೆಂಬ ನಿಯಮವಿಲ್ಲ. ಹಳೆಯ ವರದಿ ಸಾಕ್ಷ್ಯವಾಗುತ್ತದೆಯೇ ಹೊರತು ಹಕ್ಕುಪತ್ರವಾಗುವುದಿಲ್ಲ.

ಏನು ಬರೆಯಬೇಕು

ನಾನು ತುಂಬ ಕಷ್ಟದಲ್ಲಿದ್ದೇನೆ, ಇದು ಅನ್ಯಾಯ ಎಂಬ ಮಾತು ನಿಜವೇ ಆಗಿದ್ದರೂ ಅದಕ್ಕೆ ಅಂಕವಿಲ್ಲ. ಮೌಲ್ಯಮಾಪಕರು ಒರಟಾಗಿ ವರ್ತಿಸಿದರೆಂಬ ದೂರನ್ನು ಬೇರೆಯಾಗಿ ಕೊಡಬಹುದು, ಮರುಪರಿಶೀಲನೆಯ ಪತ್ರದಲ್ಲಿ ಅದಕ್ಕೆ ಎರಡು ಸಾಲಿಗಿಂತ ಹೆಚ್ಚು ಜಾಗ ಕೊಡಬೇಡಿ. ಪತ್ರದ ಉಳಿದ ಭಾಗವೆಲ್ಲ ಇಂಥ ಚಟುವಟಿಕೆಗೆ ಇಂತಿಷ್ಟು ಅಂಕ ಕೊಟ್ಟಿದ್ದೀರಿ, ಇಂತಿಷ್ಟು ಬರಬೇಕಿತ್ತು, ಕಾರಣ ಇದು, ಸಾಕ್ಷ್ಯ ಇಲ್ಲಿದೆ ಎಂಬ ಕ್ರಮದಲ್ಲೇ ಸಾಗಲಿ.

ಇದರಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು 2013ರ ಪಿಪ್ ನಿಯಮಾವಳಿಯ ಒಂದು ಸಣ್ಣ ಉಪನಿಯಮ. ಒಂದು ಕೆಲಸವನ್ನು ಮಾಡಬಲ್ಲಿರಿ ಎಂದು ಹೇಳಬೇಕಾದರೆ ಅದನ್ನು ಸುರಕ್ಷಿತವಾಗಿ, ಒಪ್ಪುವಂಥ ಮಟ್ಟದಲ್ಲಿ, ಅಗತ್ಯವಿದ್ದಷ್ಟು ಸಲ ಮತ್ತು ಸಮಂಜಸವಾದ ಸಮಯದಲ್ಲಿ ಮಾಡಬಲ್ಲವರಾಗಿರಬೇಕು ಎಂದು ಅದು ಹೇಳುತ್ತದೆ. ಆ ತೊಂದರೆ ಇಲ್ಲದವರು ತೆಗೆದುಕೊಳ್ಳುವ ಗರಿಷ್ಠ ಸಮಯದ ಎರಡು ಪಟ್ಟಿಗಿಂತ ಹೆಚ್ಚು ಹಿಡಿದರೆ ಅದು ಸಮಂಜಸವಾದ ಸಮಯವಲ್ಲ. ಅಡುಗೆಯನ್ನೇ ತೆಗೆದುಕೊಳ್ಳಿ. ತಾಜಾ ಸಾಮಗ್ರಿಯಿಂದ ಒಬ್ಬರಿಗೆ ಸಾಕಾಗುವ ಒಂದು ಸರಳ ಬಿಸಿ ಊಟವನ್ನು ಮಾಡಬಲ್ಲಿರಾ ಎಂಬುದು ಅಲ್ಲಿನ ಪ್ರಶ್ನೆ. ಕೈನಡುಗಿ ಬಿಸಿನೀರು ಮೈಮೇಲೆ ಚೆಲ್ಲುವ ಅಪಾಯವಿದ್ದರೆ ಅದು ಸುರಕ್ಷಿತವಲ್ಲ, ತರಕಾರಿ ಹೆಚ್ಚಿ ಮುಗಿಸಿ ಮೂರು ಗಂಟೆ ಮಲಗಬೇಕಾದರೆ ಅದು ಅಗತ್ಯವಿದ್ದಷ್ಟು ಸಲ ಮಾಡಬಹುದಾದ ಕೆಲಸವಲ್ಲ. ನಡಿಗೆಗೂ ಇದೇ ಅಳತೆ. ಮೌಲ್ಯಮಾಪನದ ದಿನ 40 ಮೀಟರ್ ನಡೆದದ್ದು ನಿಜವಿರಬಹುದು. ಹಾಗೆ ನಡೆದು ಗೋಡೆಗೊರಗಿ ನಿಂತದ್ದು, ಮಾರನೆಯ ದಿನವೆಲ್ಲ ಹಾಸಿಗೆಯಲ್ಲೇ ಕಳೆದದ್ದು ವರದಿಯಲ್ಲಿ ಇಲ್ಲದಿದ್ದರೆ ಅದನ್ನು ಬರೆಯಬೇಕಾದವರು ನೀವೇ. ನೋವು ಅಥವಾ ಆಯಾಸದಿಂದಾಗಿ 20 ಮೀಟರ್‌ಗಿಂತ ಹೆಚ್ಚು ದೂರವನ್ನು ಈ ಅಳತೆಯಲ್ಲಿ ನಡೆಯಲಾಗದಿದ್ದರೆ ಆ ಚಟುವಟಿಕೆಗೆ 12 ಅಂಕ ಸಲ್ಲುತ್ತದೆ.

ಕಾಯಿಲೆ ಒಂದು ದಿನ ಏರಿ ಒಂದು ದಿನ ಇಳಿಯುವಂಥದ್ದಾದರೆ ದಿನಗಳ ಲೆಕ್ಕ ಮುಖ್ಯ. 12 ತಿಂಗಳ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ಯಾವ ವಾಕ್ಯ ನಿಮಗೆ ಹೊಂದುತ್ತದೆ ಎಂಬುದರ ಮೇಲೆ ಅಂಕ ನಿಂತಿರುವುದರಿಂದ, ‘ಕೆಲವೊಮ್ಮೆ’, ‘ಆಗಾಗ’ ಎಂದು ಬರೆಯುವ ಬದಲು ‘ವಾರದಲ್ಲಿ ಐದು ದಿನ’ ಎಂದು ಬರೆಯಿರಿ. ಎರಡು ವಾರ ದಿನಚರಿ ಬರೆದಿಟ್ಟರೆ ಅದೂ ಸಾಕ್ಷ್ಯವೇ. ವೈದ್ಯರ ಪತ್ರ ತರುವುದಾದರೆ, ಕಾಯಿಲೆಯ ಹೆಸರಿಗಿಂತ ಅದರಿಂದ ಯಾವ ಕೆಲಸ ಆಗುವುದಿಲ್ಲ ಎಂಬುದನ್ನು ಬರೆಯಲು ಕೇಳಿಕೊಳ್ಳಿ. ನಿಮ್ಮನ್ನು ವರ್ಷಕ್ಕೊಮ್ಮೆ ಹತ್ತು ನಿಮಿಷ ನೋಡುವ ತಜ್ಞರ ಪತ್ರಕ್ಕಿಂತ ದಿನವೂ ನೋಡುವ ಆರೈಕೆದಾರರ ವಿವರವಾದ ಹೇಳಿಕೆ ಕೆಲವು ಸಲ ಹೆಚ್ಚು ಬೆಲೆಯುಳ್ಳದ್ದು.

ಇಲ್ಲಿ ನಮ್ಮವರಿಗೇ ವಿಶೇಷವಾಗಿ ಹೇಳಬೇಕಾದ ಎರಡು ಮಾತಿದೆ. ಹೇಗಿದ್ದೀರಿ ಎಂದು ಯಾರು ಕೇಳಿದರೂ ‘ಚೆನ್ನಾಗಿದ್ದೇನೆ’, ‘ಹೇಗೋ ನಡೀತಾ ಇದೆ’ ಎನ್ನುವುದು ನಮಗೆ ಮರ್ಯಾದೆಯ ಮಾತು, ಮೌಲ್ಯಮಾಪಕರಿಗೆ ಅದು ಬರೆದುಕೊಳ್ಳಬೇಕಾದ ಉತ್ತರ. ಇನ್ನೊಂದು, ಮನೆಯವರು ಮಾಡುವ ಸೇವೆಯನ್ನು ನಾವು ಸಹಾಯ ಎಂದೇ ಎಣಿಸುವುದಿಲ್ಲ. ಹೆಂಡತಿ ಅಂಗಿಯ ಗುಂಡಿ ಹಾಕುವುದು, ಮಗಳು ಮಾತ್ರೆ ಎಣಿಸಿ ಕೊಡುವುದು, ಸೊಸೆ ತಲೆಗೆ ನೀರು ಹಾಕುವುದು ಇವೆಲ್ಲ ಅಂಕಪಟ್ಟಿಯ ಭಾಷೆಯಲ್ಲಿ ಇನ್ನೊಬ್ಬರ ನೆರವು ಎಂದೇ ಆಗುತ್ತವೆ, ಹೇಳಿಕೊಳ್ಳಲು ಸಂಕೋಚ ಪಟ್ಟರೆ ನಷ್ಟ ನಿಮ್ಮದೇ.

ಇರುವುದಕ್ಕೂ ಕುತ್ತು ಬರಬಹುದೇ

ಬರಬಹುದು. ಮರುಪರಿಶೀಲನೆ ಮಾಡುವವರೂ ಟ್ರಿಬ್ಯೂನಲ್ಲೂ ನೀವು ಪ್ರಶ್ನಿಸಿದ ಭಾಗವನ್ನಷ್ಟೇ ಅಲ್ಲ, ಇಡೀ ತೀರ್ಮಾನವನ್ನು ನೋಡುವ ಅಧಿಕಾರ ಹೊಂದಿರುತ್ತಾರೆ. ಓಡಾಟದ ದರ ಇಳಿದಿದೆ, ನಿತ್ಯ ಜೀವನದ ದರ ಹಾಗೆಯೇ ಉಳಿದಿದೆ ಎಂಬಂಥ ಸಂದರ್ಭದಲ್ಲಿ ಉಳಿದದ್ದರ ಬುಡ ಎಷ್ಟು ಗಟ್ಟಿ ಎಂದು ನೋಡಿಕೊಂಡೇ ಮುಂದುವರಿಯಬೇಕು. ಸಿಟಿಜನ್ಸ್ ಅಡ್ವೈಸ್, ಸ್ಥಳೀಯ ಕೌನ್ಸಿಲಿನ ವೆಲ್ಫೇರ್ ರೈಟ್ಸ್ ಸಲಹೆಗಾರರು ಅಥವಾ ಲಾ ಸೆಂಟರ್‌ನವರಿಗೆ ಕಾಗದಗಳನ್ನು ತೋರಿಸುವ ಸರಿಯಾದ ಸಮಯ ಇದು. ಅವರ ಸಲಹೆ ಉಚಿತ. ಟ್ರಿಬ್ಯೂನಲ್ ಇರುವ ಭತ್ಯೆಯನ್ನು ಇಳಿಸಲು ಯೋಚಿಸುತ್ತಿದ್ದರೆ ಮೊದಲೇ ಎಚ್ಚರಿಸಿ, ಯೋಚಿಸಲು ಅವಕಾಶ ಕೊಡಬೇಕು. ಅಂಥ ಎಚ್ಚರಿಕೆ ಬಂದಾಗ ಹಠ ಮಾಡದೆ ಸಮಯ ಕೇಳಿ.

ಈ ಅವಧಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಮಗೆ ಬರುವುದು ಇಳಿಸಿದ ದರವೇ. ಸ್ಕಾಟ್ಲೆಂಡಿನಲ್ಲಿ ಪಿಪ್ ಬದಲಿಗೆ ಇರುವ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್‌ನಲ್ಲಿ ಮರುಪರಿಶೀಲನೆ ಕೋರಲು 42 ದಿನಗಳಿರುತ್ತವೆ, ಮಾತ್ರವಲ್ಲ, ಮರುವಿಮರ್ಶೆಯಲ್ಲಿ ಭತ್ಯೆ ಇಳಿದವರಿಗೆ ಪ್ರಕರಣ ಮುಗಿಯುವವರೆಗೆ ವ್ಯತ್ಯಾಸದ ಹಣವನ್ನು ತುಂಬಿಕೊಡುವ ತಾತ್ಕಾಲಿಕ ನೆರವೂ ಇದೆ. ಇದು ದಕ್ಷಿಣಕ್ಕೂ ಬರಬೇಕಿತ್ತು.

ಟ್ರಿಬ್ಯೂನಲ್‌ಗೆ ಹೋಗುವುದು

ಮರುಪರಿಶೀಲನೆಯ ಫಲಿತಾಂಶ ಒಂದು ನೋಟಿಸಿನ ರೂಪದಲ್ಲಿ ಬರುತ್ತದೆ, ಮತ್ತು ಆ ನೋಟಿಸು ಹಳೆಯ ತೀರ್ಮಾನವನ್ನೇ ಬೇರೆ ಮಾತಿನಲ್ಲಿ ಹೇಳಿರುವುದು ಸಾಮಾನ್ಯ. ಬಹಳ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಆದರೆ ಅಂಕಿ ಅಂಶಗಳು ಬೇರೆಯದನ್ನೇ ಹೇಳುತ್ತವೆ: ಟ್ರಿಬ್ಯೂನಲ್ ವಿಚಾರಣೆಯವರೆಗೆ ಹೋದ ಪಿಪ್ ಮೇಲ್ಮನವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅರ್ಜಿದಾರರ ಪರವಾಗಿ ತೀರ್ಮಾನವಾಗುವುದು ಹಲವು ವರ್ಷಗಳಿಂದ ನಡೆದುಬಂದಿದೆ. ನೋಟಿಸಿನ ತಾರೀಖಿನಿಂದ ಒಂದು ತಿಂಗಳೊಳಗೆ ‘ಎಸ್‌ಎಸ್‌ಸಿಎಸ್1’ ಫಾರಂನಲ್ಲಿ ಅಥವಾ ಆನ್‌ಲೈನಿನಲ್ಲಿ ಮೇಲ್ಮನವಿ ಸಲ್ಲಿಸಬೇಕು. ಇದಕ್ಕೆ ಶುಲ್ಕವಿಲ್ಲ. ಡಿಡಬ್ಲ್ಯೂಪಿ ತನ್ನ ಉತ್ತರವನ್ನೂ ಎಲ್ಲ ಕಾಗದಗಳ ದಪ್ಪ ಕಟ್ಟನ್ನೂ ಕಳಿಸುತ್ತದೆ. ನಿಮ್ಮ ಹಳೆಯ ಪಿಎ4 ವರದಿ ಆ ಕಟ್ಟಿನಲ್ಲಿ ಇಲ್ಲದಿದ್ದರೆ ನೀವೇ ಸೇರಿಸಿ.

ಕಾಗದ ನೋಡಿ ತೀರ್ಮಾನಿಸಿ ಎನ್ನುವುದಕ್ಕಿಂತ ವಿಚಾರಣೆಯನ್ನು ಕೇಳುವುದು ಒಳ್ಳೆಯದು, ಏಕೆಂದರೆ ವರದಿ ಬಿಟ್ಟದ್ದನ್ನು ಹೇಳಬಲ್ಲವರು ನೀವು ಮಾತ್ರ. ಖುದ್ದಾಗಿ, ಫೋನಿನಲ್ಲಿ ಅಥವಾ ವಿಡಿಯೊದಲ್ಲಿ ಹಾಜರಾಗಬಹುದು. ಒಬ್ಬ ನ್ಯಾಯಾಧೀಶರು, ಒಬ್ಬ ವೈದ್ಯರು ಮತ್ತು ಅಂಗವೈಕಲ್ಯದ ಅನುಭವ ಅಥವಾ ಪರಿಣತಿ ಇರುವ ಒಬ್ಬ ಸದಸ್ಯರು ಕೇಳುವ ಪ್ರಶ್ನೆಗಳು ಬಹುಪಾಲು ನಿತ್ಯದ ಬದುಕಿನ ಬಗ್ಗೆಯೇ ಇರುತ್ತವೆ. ಇಂಗ್ಲಿಷಿನಲ್ಲಿ ನೋವನ್ನು ವಿವರಿಸಲು ತಡವರಿಸುವವರು ಫಾರಂನಲ್ಲೇ ಕನ್ನಡದ ದುಭಾಷಿಯನ್ನು ಕೇಳಬೇಕು, ಅದಕ್ಕೂ ಹಣವಿಲ್ಲ. ಮಗನನ್ನೋ ಮಗಳನ್ನೋ ದುಭಾಷಿಯಾಗಿ ಕೂರಿಸಿದರೆ ತಂದೆತಾಯಿ ಶೌಚದ ವಿಷಯ ಬಂದಾಗ ಮಾತು ನುಂಗುತ್ತಾರೆ. ಅವರು ಸಾಕ್ಷಿಯಾಗಿ ಬಂದರೆ ಹೆಚ್ಚು ಉಪಯೋಗ.

ಟ್ರಿಬ್ಯೂನಲ್ ನೋಡುವುದು ಡಿಡಬ್ಲ್ಯೂಪಿ ತೀರ್ಮಾನ ಮಾಡಿದ ದಿನ ನಿಮ್ಮ ಸ್ಥಿತಿ ಹೇಗಿತ್ತು ಎಂಬುದನ್ನು. ಆ ನಂತರ ಕಾಯಿಲೆ ಉಲ್ಬಣಿಸಿದ್ದರೆ ಅದು ಈ ಮೇಲ್ಮನವಿಗೆ ಸೇರುವುದಿಲ್ಲ. ವಿಚಾರಣೆಗೆ ಮೊದಲು ಡಿಡಬ್ಲ್ಯೂಪಿಯಿಂದ ಫೋನ್ ಬಂದು ಇಷ್ಟು ಕೊಡುತ್ತೇವೆ, ಒಪ್ಪುತ್ತೀರಾ ಎಂದು ಕೇಳಬಹುದು. ಅಲ್ಲೇ ಉತ್ತರಿಸಬೇಕಾಗಿಲ್ಲ. ಹೊಸ ಅಂಕಗಳೆಷ್ಟು, ಎಷ್ಟು ಅವಧಿಗೆ ಎಂದು ಕೇಳಿ ಬರೆದುಕೊಂಡು, ಸಲಹೆಗಾರರೊಡನೆ ಮಾತಾಡಿ ತಿಳಿಸುತ್ತೇನೆ ಎನ್ನಿ. ಅವರು ತೀರ್ಮಾನವನ್ನು ನಿಮ್ಮ ಪರವಾಗಿ ಬದಲಿಸಿದರೆ ನಡೆಯುತ್ತಿರುವ ಮೇಲ್ಮನವಿ ಅಲ್ಲಿಗೆ ಕೊನೆಯಾಗುತ್ತದೆ, ಅದೂ ಸಾಲದೆನಿಸಿದರೆ ಹೊಸ ತೀರ್ಮಾನದ ವಿರುದ್ಧ ಮತ್ತೆ ಮೇಲ್ಮನವಿ ಹಾಕಬೇಕು.

ಟ್ರಿಬ್ಯೂನಲ್‌ನಲ್ಲೂ ಸೋತರೆ ಅಪ್ಪರ್ ಟ್ರಿಬ್ಯೂನಲ್ ಇದೆ, ಆದರೆ ಅಲ್ಲಿ ಕಾನೂನಿನ ತಪ್ಪನ್ನು ತೋರಿಸಬೇಕು. ಅದಕ್ಕಾಗಿ ತೀರ್ಪಿನ ಕಾರಣಗಳ ಲಿಖಿತ ವಿವರಣೆಯನ್ನು ಒಂದು ತಿಂಗಳೊಳಗೆ ಕೇಳಬೇಕು. ಗೆದ್ದರೆ ವ್ಯತ್ಯಾಸದ ಹಣ ಮೂಲ ತೀರ್ಮಾನದ ಕಾಲದಿಂದಲೇ ಲೆಕ್ಕವಾಗಿ ಬರುತ್ತದೆ. ನಿತ್ಯ ಜೀವನದ ಭಾಗವೇ ನಿಂತುಹೋಗಿ ಅದರಿಂದ ಆರೈಕೆ ಮಾಡುವ ಮನೆಯವರಿಗೆ ಬರುವ ಕೇರರ್ಸ್ ಅಲವೆನ್ಸ್ ಕೂಡ ನಿಂತಿದ್ದರೆ, ಗೆದ್ದ ಮೂರು ತಿಂಗಳೊಳಗೆ ಅದಕ್ಕೂ ಮತ್ತೆ ಅರ್ಜಿ ಹಾಕಿ ಹಿಂದಿನ ಬಾಕಿಯನ್ನು ಕೇಳಬೇಕು, ಅದು ತಾನಾಗಿ ಶುರುವಾಗುವುದಿಲ್ಲ. ತೀರ್ಪಿನ ಪ್ರತಿಯನ್ನೂ ಕಾಗದಗಳ ಕಟ್ಟನ್ನೂ ಮಾತ್ರ ಎಸೆಯಬೇಡಿ, ಮುಂದಿನ ಎಆರ್1 ಬಂದಾಗ ಪಕ್ಕದಲ್ಲಿಟ್ಟುಕೊಂಡು ತುಂಬಲು ಬೇಕಾಗುತ್ತವೆ.