‘ಸಾಕು’ ಎನ್ನಲು ಕಲಿಸಿದ ಒಂದು ವರ್ಷ

ಆ ಹುಡುಗನನ್ನು ಮೊದಲ ಸಲ ಕಂಡಾಗ ನನ್ನ ಕಣ್ಣಿಗೆ ಬಿದ್ದದ್ದು ಅವನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿ ಕಪ್ಪಾಗಿದ್ದ ಚರ್ಮ. ವರ್ಷಗಟ್ಟಲೆ ಅದೇ ಜಾಗವನ್ನು ಕಚ್ಚಿಕೊಂಡು ಆದ ಗುರುತು ಅದು. ಆಗ ಅವನಿಗೆ 16 ವರ್ಷ. ಆಟಿಸಂ ಜೊತೆಗೆ ಬೌದ್ಧಿಕ ಅಂಗವೈಕಲ್ಯವೂ ಇತ್ತು, ಮಾತು ಬಂದಿರಲಿಲ್ಲ. ಮೈಸೂರಿನ ಒಂದು ವಿಶೇಷ ಶಾಲೆಯ ವೃತ್ತಿ ತರಬೇತಿ ವಿಭಾಗದಲ್ಲಿ ಕಾಗದದ ಕವರ್ ಅಂಟಿಸುವುದನ್ನು ಕಲಿಯುತ್ತಿದ್ದ. ಕೆಲಸದ ನಡುವೆ ಕೈ ಕಚ್ಚಿಕೊಳ್ಳುವುದು, ಮೇಜು ನೂಕುವುದು ಹೆಚ್ಚಾದಾಗ ಶಾಲೆಯವರು ವರ್ತನಾ ವಿಶ್ಲೇಷಕಿಯಾದ (ಒಂದು ವರ್ತನೆ ಏಕೆ ನಡೆಯುತ್ತಿದೆ ಎಂದು ಗಮನಿಸಿ, ಅದರ ಬದಲಿಗೆ ಬೇರೆ ದಾರಿ ಕಲಿಸುವುದು ನಮ್ಮ ಕೆಲಸ) ನನ್ನನ್ನು ಕರೆಸಿಕೊಂಡರು. ಅವನ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.

‘ತುಂಬಾ ಹಠ ಮೇಡಂ’ ಎಂದರು ಎಲ್ಲರೂ. ಹಠವನ್ನು ಎಣಿಸಲು ಬರುವುದಿಲ್ಲ, ಕಚ್ಚಿದ್ದನ್ನು ಎಣಿಸಬಹುದು. ಆದ್ದರಿಂದ ಮೊದಲಿಗೆ ಹಲ್ಲು, ಕಿವಿ ಮತ್ತು ಹೊಟ್ಟೆಯ ನೋವಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡು (ಮಾತು ಬಾರದ ಮಕ್ಕಳಲ್ಲಿ ಈ ಹೆಜ್ಜೆಯನ್ನು ಎಂದೂ ಬಿಡಬಾರದು), ಆಮೇಲೆ ಮೂರು ಕಾಲಂ ಇರುವ ಹಾಳೆಯನ್ನು ಶಿಕ್ಷಕಿಯರ ಕೈಗೆ ಕೊಟ್ಟೆ: ಕಚ್ಚುವ ಮೊದಲು ಏನಾಯಿತು, ಅವನು ಏನು ಮಾಡಿದ, ಆದ ಮೇಲೆ ಸುತ್ತಲಿನವರು ಏನು ಮಾಡಿದರು. ಇಂಥ ವರ್ತನೆಯ ಹಿಂದೆ ಸಾಮಾನ್ಯವಾಗಿ ನಾವು ಹುಡುಕುವುದು ನಾಲ್ಕು ಕಾರಣಗಳನ್ನು. ಯಾರದಾದರೂ ಗಮನ ಬೇಕು, ಒಂದು ವಸ್ತು ಬೇಕು, ಇರುವಲ್ಲಿಂದ ಬಿಡುಗಡೆ ಬೇಕು, ಇಲ್ಲವೇ ಆ ಕ್ರಿಯೆಯೇ ಮೈಗೆ ಹಿತ ಕೊಡುತ್ತಿರಬೇಕು.

ಇಲ್ಲಿ ನನ್ನಿಂದ ತಪ್ಪಾಯಿತು. ಅವನು ಕಚ್ಚಿಕೊಂಡಾಗಲೆಲ್ಲ ಇಬ್ಬರು ಓಡಿ ಬಂದು ಕೈ ಹಿಡಿದು ರಮಿಸುತ್ತಿದ್ದುದನ್ನು ಕಂಡು, ಹಾಳೆಗಳನ್ನು ಪೂರ್ತಿ ಓದುವ ಮೊದಲೇ ಇದು ಗಮನಕ್ಕಾಗಿ ಎಂದು ತೀರ್ಮಾನಿಸಿ, ಮಾತಾಡಿಸಬೇಡಿ, ಮುಖ ನೋಡಬೇಡಿ ಎಂದು ಸೂಚಿಸಿದೆ. ಕಚ್ಚುವುದು ಜೋರಾಯಿತು. ಗಮನ ನಿಲ್ಲಿಸಿದಾಗ ಮೊದಲ ಕೆಲವು ದಿನ ವರ್ತನೆ ಏರಿ ಆಮೇಲೆ ಇಳಿಯುವುದುಂಟು. ಅದೇ ಇದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲ್ಕನೆಯ ದಿನ ಚರ್ಮ ಒಡೆದು ರಕ್ತ ಬಂತು.

ಅಂದು ಸಂಜೆ ನನ್ನ ಮೇಲ್ವಿಚಾರಕರು ಹಾಳೆಗಳನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಕಚ್ಚಿದ ಮೇಲೆ ಅಂಟಿನ ಬಟ್ಟಲು ಎಲ್ಲಿಗೆ ಹೋಗುತ್ತದೆ?’ ಮೂರನೆಯ ಕಾಲಂನಲ್ಲಿ ಉತ್ತರ ಸಾಲುಸಾಲಾಗಿ ಇತ್ತು. ಚೆಲ್ಲಬಾರದೆಂದು ಬಟ್ಟಲನ್ನೂ ಕವರ್‌ಗಳನ್ನೂ ಪಕ್ಕಕ್ಕೆ ತೆಗೆದು, ಅವನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವನಿಗೆ ಬೇಕಾದದ್ದು ಬಿಡುವು. ನನ್ನ ಮಾತಿನಂತೆ ಶಿಕ್ಷಕಿಯರು ನೋಡಿಯೂ ನೋಡದಂತೆ ತಡೆದುಕೊಂಡಿದ್ದು, ಗಾಯವಾಗುವ ಹಂತಕ್ಕೆ ಬಂದಾಗ ಎದ್ದು ಬಟ್ಟಲು ತೆಗೆದದ್ದರಿಂದ, ಎಷ್ಟು ಜೋರಾಗಿ ಕಚ್ಚಿದರೆ ಕೆಲಸ ನಿಲ್ಲುತ್ತದೆ ಎಂಬುದನ್ನು ನಾವೇ ಅವನಿಗೆ ಕಲಿಸಿದಂತಾಗಿತ್ತು. ಆ ರಾತ್ರಿ ಅವನ ತಾಯಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಳೆಯಿಂದ ಏನು ಮಾಡೋಣ ಹೇಳಿ’ ಎಂದರು.

ಈ ಕೆಲಸದಲ್ಲಿ ನಮ್ಮ ಡೇಟಾವನ್ನು ಇನ್ನೊಬ್ಬರು ನೋಡಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ವರ್ತನಾ ವಿಶ್ಲೇಷಕರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಮಂಡಳಿಯು 2023ರ ಜನವರಿಯಿಂದ ಭಾರತದಲ್ಲಿರುವವರ ಹೊಸ ಅರ್ಜಿಗಳನ್ನು ಸ್ವೀಕರಿಸುತ್ತಿಲ್ಲ. ಹೊಸಬರು ಯಾವ ದಾರಿಯಿಂದ ತರಬೇತಿ ಪಡೆದರೂ ಅನುಭವಿಗಳ ಮೇಲ್ವಿಚಾರಣೆಯನ್ನು ಮಾತ್ರ ಕೈಬಿಡಬಾರದು.

ಮುಂದಿನ ದಾರಿ ಹೊಸದೇನಲ್ಲ. ಕಾರ್ ಮತ್ತು ಡುರಾಂಡ್ ಎಂಬ ಇಬ್ಬರು ಸಂಶೋಧಕರು 1985ರಲ್ಲೇ ಇದನ್ನು ತೋರಿಸಿದ್ದರು: ಮಗು ತೊಂದರೆಯ ವರ್ತನೆಯಿಂದ ಏನನ್ನು ಪಡೆಯುತ್ತಿದೆಯೋ ಅದನ್ನೇ ಕೇಳಿ ಪಡೆಯುವ ಮಾತನ್ನು ಕಲಿಸಿದರೆ ಆ ವರ್ತನೆ ಇಳಿಯುತ್ತದೆ, ಕಾರಣಕ್ಕೆ ಹೊಂದದ ಮಾತನ್ನು ಕಲಿಸಿದರೆ ಇಳಿಯುವುದಿಲ್ಲ. ಅವನಿಗಾಗಿ ಅಂಗೈ ಅಗಲದ ಹಳದಿ ಕಾರ್ಡೊಂದನ್ನು ಮಾಡಿದೆವು. ಅದರ ಮೇಲೆ ಎತ್ತಿದ ಕೈಯ ಚಿತ್ರ, ಕೆಳಗೆ ‘ಸಾಕು’ ಎಂಬ ಬರಹ. ಲ್ಯಾಮಿನೇಟ್ ಮಾಡಿಸಿ ದಾರದಿಂದ ಪ್ಯಾಂಟಿನ ಬೆಲ್ಟಿಗೆ ಕಟ್ಟಿದೆವು. ಅವನು ಕೈಯನ್ನು ಬಾಯಿಯ ಕಡೆ ಒಯ್ಯುವ ಮೊದಲೇ, ಭುಜ ಬಿಗಿಯಾಗಿ ಕಾಲು ಕುಣಿಯತೊಡಗಿದ ಕೂಡಲೇ, ಹಿಂದೆ ಕುಳಿತ ಸಹಾಯಕಿ ಅವನ ಕೈಯನ್ನು ಕಾರ್ಡಿನತ್ತ ಮೆಲ್ಲಗೆ ಸರಿಸಬೇಕು. ಅವನು ಕೊಟ್ಟ ತಕ್ಷಣ ಎದುರಿನ ಶಿಕ್ಷಕಿ ‘ಸಾಕಾ? ಸರಿ’ ಎಂದು ಕೆಲಸ ನಿಲ್ಲಿಸಬೇಕು. ಪ್ರತಿಸಲವೂ, ತಪ್ಪದೆ.

‘ಹೀಗೆ ಮಾಡಿದರೆ ಅವನು ಕೆಲಸವನ್ನೇ ಮುಟ್ಟುವುದಿಲ್ಲ’ ಎಂದು ಶಿಕ್ಷಕಿಯರು ಆತಂಕಪಟ್ಟರು. ಆತಂಕ ಸರಿಯಾದದ್ದೇ. ಮೊದಲ ವಾರ ಒಂದು ಕವರ್ ಮುಗಿಯುವ ಮೊದಲೇ ಕಾರ್ಡ್ ಬರುತ್ತಿತ್ತು, ನಾವು ಬಿಡುತ್ತಿದ್ದೆವು. ಕಚ್ಚುವುದಕ್ಕಿಂತ ಕಾರ್ಡು ಸುಲಭ ಮತ್ತು ಖಚಿತ ಎಂದು ಅವನಿಗೆ ನಂಬಿಕೆ ಬರುವವರೆಗೂ ‘ಇನ್ನೊಂದು ಮಾಡು’ ಎನ್ನುವ ಹಕ್ಕು ನಮಗಿರಲಿಲ್ಲ. ಎರಡನೆಯ ವಾರದ ಕೊನೆಗೆ ಒಂದು ಮಧ್ಯಾಹ್ನ, ಯಾರೂ ಕೈ ಸರಿಸದೆ, ಅವನೇ ದಾರ ಎಳೆದು ಕಾರ್ಡನ್ನು ಮೇಜಿನ ಮೇಲಿಟ್ಟು ತಟ್ಟಿದ. ಅದರ ಒಂದು ಮೂಲೆಯನ್ನು ಅಷ್ಟರಲ್ಲಿ ಅಗಿದು ಮೆತ್ತಗೆ ಮಾಡಿದ್ದ. ಆಮೇಲೆ ‘ಒಂದು ಕವರ್, ಆಮೇಲೆ ಬಿಡುವು’ ಎಂಬಲ್ಲಿಂದ ಮೂರಕ್ಕೆ, ಐದಕ್ಕೆ ಏರಿದೆವು. ಅಂಟು ಬೆರಳಿಗೆ ಮೆತ್ತಿದಾಗ ಕಾರ್ಡ್ ಬೇಗ ಬರುವುದೂ ಆಗಲೇ ಗೊತ್ತಾಯಿತು. ಬಟ್ಟಲು ತೆಗೆದು ಬ್ರಷ್ ಕೊಟ್ಟೆವು. ಅಷ್ಟು ದಿನ ಕಚ್ಚಿ ಕಚ್ಚಿ ಅವನು ಹೇಳುತ್ತಿದ್ದುದರಲ್ಲಿ ಈ ಅಂಟೂ ಸೇರಿತ್ತು.

ಆರು ವರ್ಷದ ಮಗು ಬೇಡವೆಂದು ಕೊಸರಾಡಿದರೆ ದೊಡ್ಡವರು ಎತ್ತಿಕೊಂಡು ಹೋಗಿಬಿಡುತ್ತಾರೆ. ಹದಿನಾರರ ಹುಡುಗನನ್ನು ಹಾಗೆ ಒಯ್ಯಲಾಗದೆ ಇಬ್ಬರು ಮೂವರು ಸೇರಿ ಅದುಮಿ ಹಿಡಿಯುವುದನ್ನು ನಾನು ಕಂಡಿದ್ದೇನೆ, ಅದನ್ನು ಮರೆಯಲು ನನ್ನಿಂದ ಆಗಿಲ್ಲ. ಹೇಳಿದ್ದಕ್ಕೆಲ್ಲ ತಲೆಬಾಗುವುದನ್ನಷ್ಟೇ ಕಲಿಸಿದರೆ, ನಾಳೆ ಯಾರೋ ಮುಟ್ಟಬಾರದ ಕಡೆ ಮುಟ್ಟಿದಾಗಲೂ ಈ ಮಕ್ಕಳು ತಲೆಬಾಗಿಯೇ ನಿಲ್ಲುತ್ತಾರೆ. ಹದಿಹರೆಯದವರಿಗೆ ನಾನು ಮೊದಲು ಕಲಿಸುವುದು ನಿರಾಕರಿಸುವುದನ್ನು. ಬಟನ್ ಹಾಕುವುದು, ಬಸ್ ಹತ್ತುವುದು, ಕವರ್ ಅಂಟಿಸುವುದೆಲ್ಲ ಅದರ ನಂತರ.

ಈಗ ಅವನಿಗೆ 18 ಹತ್ತಿರವಾಗಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಪಾಲಕತ್ವಕ್ಕಾಗಿ, ಅಂದರೆ 18 ತುಂಬಿದ ಮೇಲೂ ಅವನ ಪರವಾಗಿ ನಿರ್ಧರಿಸುವ ಕಾನೂನಿನ ಅಧಿಕಾರಕ್ಕಾಗಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಲು ತಂದೆತಾಯಿ ಕಾಗದಪತ್ರ ಜೋಡಿಸುತ್ತಿದ್ದಾರೆ. ಸಹಿ ಮಾಡುವ ಅಧಿಕಾರ ಅವರಿಗೆ ಬಂದರೂ ಕಾರ್ಡಿನ ಮಾತು ನಡೆಯಲೇಬೇಕೆಂದು ನಾನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಗಡ್ಡ ತೆಗೆಯುವ ಟ್ರಿಮರ್‌ನ ಸದ್ದು ಅವನಿಗೆ ಇನ್ನೂ ಸಹಿಸುವುದಿಲ್ಲ. ತಂದೆ ಬೆಳಗ್ಗೆ ಶುರು ಮಾಡುತ್ತಾರೆ, ನಡುವೆ ಕಾರ್ಡ್ ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಹಾಗಾಗಿ ಕೆಲವು ದಿನ ಅವನು ಒಂದೇ ಕೆನ್ನೆಯ ಗಡ್ಡ ತೆಗೆಸಿಕೊಂಡು ಶಾಲೆಗೆ ಬರುತ್ತಾನೆ. ಇನ್ನೊಂದು ಕೆನ್ನೆ ಮರುದಿನಕ್ಕೆ.