ರಿಸ್ಟೋರ್ ಮಾಡಿದ ತೆರೆದ ಜೀಪ್ ಕೊಳ್ಳುವ ಮೊದಲು ಏನೇನು ನೋಡಬೇಕು

ಹೊಸ ಪೇಂಟ್, ಹೊಸ ಹುಡ್, ಅಗಲ ಟೈರ್ ಹಾಕಿದ ಹಳೆ ವಿಲ್ಲೀಸ್ ಅಥವಾ ಮಹೀಂದ್ರ ಜೀಪ್ ಮಾರಾಟಕ್ಕಿದೆ ಎಂದರೆ ಮೊದಲು ಆರ್‌ಸಿ ಕೇಳಿ. ಕಬ್ಬಿಣದ ಕೆಲಸ ಯಾವಾಗಲಾದರೂ ಮಾಡಿಸಬಹುದು, ಕಾಗದ ಸರಿ ಇಲ್ಲದ ಗಾಡಿಯನ್ನು ಯಾವ ಮಿಸ್ತ್ರಿಯೂ ಸರಿಪಡಿಸಲಾರ.

ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ ಕೆಳಗೆ ಡೀಸೆಲ್ ಎಂಜಿನ್ ಇದ್ದರೆ ಆ ಬದಲಾವಣೆ ಆರ್‌ಟಿಒದಲ್ಲಿ ದಾಖಲಾಗಿಲ್ಲ ಎಂದರ್ಥ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೆ ಒಪ್ಪುವುದಿಲ್ಲ. ಅಪಘಾತವಾದಾಗ ವಿಮೆಯವರು ತಕರಾರು ಎತ್ತುವುದೂ ಇದೇ ಜಾಗದಲ್ಲಿ. ಚಾಸಿ ನಂಬರಿನ ಮೇಲಿನ ಬಣ್ಣವನ್ನು ನಯವಾದ ಪಾಲಿಶ್ ಪೇಪರಿನಿಂದ ಉಜ್ಜಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು, ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೋಲಿಸಿ. ಸುತ್ತ ವೆಲ್ಡಿಂಗ್ ಅಥವಾ ಗ್ರೈಂಡರ್ ಗುರುತು ಕಂಡರೆ ವ್ಯವಹಾರ ಅಲ್ಲಿಗೇ ಬಿಡಿ. ಖಾಸಗಿ ಗಾಡಿಯ ನೋಂದಣಿ ಮೊದಲು 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಅವಧಿ ಮುಗಿದಿದ್ದರೆ ನವೀಕರಿಸಿ ಕೊಡುವುದು ಮಾರುವವರ ಜವಾಬ್ದಾರಿ ಎಂದು ಮೊದಲೇ ಮಾತಾಡಿಕೊಳ್ಳಿ. ಬೆಳಗಾವಿಗೆ ಕೊಲ್ಹಾಪುರ, ಗೋವಾ ಹತ್ತಿರವಾದ್ದರಿಂದ ಎಂಎಚ್ 09, ಜಿಎ ನಂಬರಿನ ಗಾಡಿಗಳೂ ಬರುತ್ತವೆ. ಅವಕ್ಕೆ ಫಾರ್ಮ್ 28ರ ಎನ್‌ಒಸಿ ಬೇಕು, ಕರ್ನಾಟಕದ ತೆರಿಗೆ ಬೇರೆ. ಇದನ್ನು ಬೆಲೆಯೊಳಗೇ ಲೆಕ್ಕ ಹಿಡಿಯಿರಿ.

"ಇದು ವಿಂಟೇಜ್, ವಿಎ ನಂಬರ್ ಮಾಡಿಸಬಹುದು" ಎಂದು ಹೇಳಿದರೆ ಅವಸರ ಬೇಡ. 2021ರ ನಿಯಮದ ಪ್ರಕಾರ ಗಾಡಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಡೀಸೆಲ್ ಎಂಜಿನ್ ಕೂರಿಸಿ ಅಪ್‌ಗ್ರೇಡ್ ಮಾಡಿದ ಜೀಪ್ ಆ ಲೆಕ್ಕಕ್ಕೆ ಬರುವುದಿಲ್ಲ. ವಿಎ ನಂಬರ್ ಸಿಕ್ಕರೂ ಅದನ್ನು ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವಂತಿಲ್ಲ.

ಬಾಡಿ ನೋಡುವಾಗ ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಸಾಕು. ಅದು ಹಿಡಿಯದ ಕಡೆ ಪುಟ್ಟಿ ದಪ್ಪಗಿದೆ. ಆದರೆ ತಗಡಿಗಿಂತ ಚಾಸಿ ಮುಖ್ಯ: ಪಾಟಾ (ಲೀಫ್ ಸ್ಪ್ರಿಂಗ್) ತುದಿಯ ಶ್ಯಾಕಲ್ ಕೂರುವ ಜಾಗ, ಹಿಂದಿನ ಅಡ್ಡಪಟ್ಟಿ, ನೆಲದ ತಗಡಿಗೆ ಕೆಳಗಿನಿಂದ ಆಸರೆಯಾಗುವ ಪಟ್ಟಿಗಳು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಖಾನಾಪುರದ ಮಳೆ ಕಂಡ ಗಾಡಿಯಲ್ಲಿ ತುಕ್ಕು ಹೊರಗಲ್ಲ, ಈ ಪಟ್ಟಿಗಳ ಒಳಗಿರುತ್ತದೆ. ಡೀಸೆಲ್ ಎಂಜಿನ್ ಭಾರ ಹೆಚ್ಚು. ಹೊಸದಾಗಿ ಬೆಸೆದ ಎಂಜಿನ್ ಮೌಂಟಿನ ಬದಿಯಲ್ಲಿ ಕೂದಲೆಳೆಯ ಬಿರುಕಿದೆಯೇ, ಮುಂದಿನ ಪಾಟಾ ಕುಸಿದಿದೆಯೇ ನೋಡಿ.

ಮುಂದಿನದು ಹೆಚ್ಚಿನವರು ಬಿಟ್ಟುಬಿಡುವ ಪರೀಕ್ಷೆ. ರಿಸ್ಟೋರ್ ಮಾಡುವಾಗ ಬೇರೆ ಬೇರೆ ಗಾಡಿಗಳ ಆಕ್ಸಲ್ ಹೌಸಿಂಗ್ ಸೇರಿಸುವುದುಂಟು. ಡಿಫರೆನ್ಶಿಯಲ್ ಅನುಪಾತ ಎಂದರೆ ಎರಡೂ ಗಾಲಿ ಒಂದು ಸುತ್ತು ತಿರುಗಲು ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ. ಯುದ್ಧಕಾಲದ ವಿಲ್ಲೀಸ್ ಎಂಬಿ ಮಾದರಿಯದು 4.88, ಆಮೇಲಿನ ಸಿಜೆ 3ಬಿ ಮಾದರಿಯದು 5.38. ಮುಂದೊಂದು ಹಿಂದೊಂದು ಇದ್ದರೆ ಫೋರ್ ವ್ಹೀಲ್ ಹಾಕಿದ ಕೂಡಲೇ ಗಾಡಿ ಬಿಗಿಯುತ್ತದೆ, ಮುಂದಿನ-ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಹಲ್ಲು ಮುರಿಯಬಹುದು. ಪರೀಕ್ಷಿಸುವುದು ಹೀಗೆ: ಮುಂದಿನ ಎರಡೂ ಗಾಲಿಗೆ ಹಿಂದೆ-ಮುಂದೆ ಕಲ್ಲು ಕೊಡಿ, ಗೇರ್ ಮತ್ತು ಟ್ರಾನ್ಸ್‌ಫರ್ ನ್ಯೂಟ್ರಲ್ ಮಾಡಿ. ಈ ಜೀಪುಗಳ ಹ್ಯಾಂಡ್‌ಬ್ರೇಕ್ ಗಾಲಿಗಲ್ಲ, ಹಿಂದಿನ ಪ್ರೊಪೆಲರ್ ಶಾಫ್ಟಿಗೆ ಹಿಡಿಯುತ್ತದೆ. ಅದನ್ನು ಬಿಡದಿದ್ದರೆ ಶಾಫ್ಟ್ ತಿರುಗದು. ಹಿಂದಿನ ಒಂದೇ ಗಾಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಜಾಕ್ ಒಂದನ್ನೇ ನಂಬಬೇಡಿ. ಗಾಲಿಯನ್ನು 20 ಸುತ್ತು ತಿರುಗಿಸಿ. ಒಂದೇ ಗಾಲಿ ತಿರುಗುವುದರಿಂದ ಶಾಫ್ಟ್ ಅನುಪಾತದ ಅರ್ಧದಷ್ಟೇ ತಿರುಗುತ್ತದೆ. ಸೀಮೆಸುಣ್ಣದ ಗುರುತು ಹಾಕಿದ ಶಾಫ್ಟ್ 49ರ ಹತ್ತಿರ ತಿರುಗಿದರೆ 4.88, 54ರ ಹತ್ತಿರ ಬಂದರೆ 5.38. ಆಮೇಲೆ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು ಮುಂದಿನ ಗಾಲಿಗೂ ಇದನ್ನೇ ಮಾಡಿ. ಮುಂದಿನ ಗಾಲಿಯನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಲಾಕಿಂಗ್ ಹಬ್ ಇದ್ದರೆ ಎರಡೂ ಬದಿ ಲಾಕ್ ಮಾಡಿರಬೇಕು, ಇಲ್ಲದಿದ್ದರೆ ಎಣಿಕೆ ತಪ್ಪುತ್ತದೆ.

ಬ್ರೇಕ್ ವಿಷಯದಲ್ಲಿ ರಾಜಿ ಬೇಡ. ಮೂಲ ಜೀಪಿಗೆ 9 ಇಂಚಿನ ಡ್ರಮ್, ನಾಲ್ಕೂ ಗಾಲಿಗೆ ಒಂದೇ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ಪೆಡಲ್ ಪೂರ್ತಿ ಕೆಳಗೆ. ಡೀಸೆಲ್ ಹಾಕಿ ವೇಗ ಹೆಚ್ಚಿಸಿದ ಗಾಡಿಗೆ ಇದು ಸಾಲದು. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಪಂಪ್) ಇರಲೇಬೇಕು. ಮುಂದೆ ಡಿಸ್ಕ್ ಹಾಕಿ ಡ್ರಮ್ಮಿನ ಮಾಸ್ಟರ್ ಸಿಲಿಂಡರನ್ನೇ ಉಳಿಸಿದ್ದರೆ ಅದರೊಳಗಿನ ವಾಲ್ವ್ ಪೈಪಿನಲ್ಲಿ ಒತ್ತಡ ಉಳಿಸಿಕೊಂಡು ಪ್ಯಾಡ್‌ಗಳು ಸದಾ ಉಜ್ಜುತ್ತಿರುತ್ತವೆ. ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ, ಹಬ್ಬಿನ ಹತ್ತಿರ ಕೈ ಒಡ್ಡಿ ನೋಡಿ. ಕಾವು ಹೊಡೆದರೆ ಕಾರಣ ಇದಿರಬಹುದು.

ಓಡಿಸಿ ನೋಡಲು ವಂಟಮುರಿ ಘಾಟ್ ಒಳ್ಳೆಯ ಜಾಗ. ಏರುವಾಗ ಟೆಂಪರೇಚರ್ ಮುಳ್ಳು, ಇಳಿಯುವಾಗ ಎರಡನೇ ಗೇರ್ ಗಮನಿಸಿ: ಆಕ್ಸಿಲರೇಟರ್ ಬಿಟ್ಟಾಗ ಲಿವರ್ ನ್ಯೂಟ್ರಲ್‌ಗೆ ಜಿಗಿದರೆ ಹಳೆ ಮೂರು ಗೇರಿನ ಟಿ-90 ಬಾಕ್ಸ್ ಸವೆದಿದೆ. ಸ್ಟೇರಿಂಗ್ ಗಡಗಡ ನಡುಗಿದರೆ ಮುಂದಿನ ಗಾಲಿ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಆಗ ಆಡಿದರೆ ಗಾಲಿ ಬೇರಿಂಗ್ ಅಥವಾ ಕಿಂಗ್‌ಪಿನ್ (ಗಾಲಿ ಎಡ-ಬಲ ತಿರುಗುವ ಕೀಲು) ಸವೆದಿದೆ, ಎಡ-ಬಲ ಹಿಡಿದು ಅಲುಗಿಸಿದಾಗ ಆಡಿದರೆ ಎರಡೂ ಗಾಲಿ ಜೋಡಿಸುವ ಟೈ ರಾಡ್.

6 ವೋಲ್ಟಿನ ಗಾಡಿಯನ್ನು 12ಕ್ಕೆ ಬದಲಿಸಿದ್ದರೆ ಸೆಲ್ಫ್ ಮೋಟರ್ ಕೂಡ ಬದಲಾಗಿದೆಯೇ ಕೇಳಿ. ಹಳೆಯದನ್ನೇ ಬಿಟ್ಟರೆ ಅದು ಜೋರಾಗಿ ಹೊಡೆದು ರಿಂಗ್ ಗೇರಿನ ಹಲ್ಲು ತಿನ್ನುತ್ತದೆ.

ಹುಡ್ ಕಟ್ಟಿಸಿ, ಹದಿನೈದು ನಿಮಿಷ ಪೈಪಿನಿಂದ ನೀರು ಬಿಡಿ. ಸೋರುವುದು ಬಟ್ಟೆಯಲ್ಲಲ್ಲ, ಮುಂದಿನ ಗಾಜಿನ ಚೌಕಟ್ಟು ಮತ್ತು ಹುಡ್ ಸೇರುವಲ್ಲಿ. ಅಲ್ಲಿಯ ರಬ್ಬರ್ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವಿಜಯಪುರ, ಬಾಗಲಕೋಟೆಗೆ ಒಯ್ಯುವವರು ಮಳೆಗಿಂತ ಧೂಳು, ಬಿಸಿಲಿನ ಕಡೆ ನೋಡಬೇಕು. ಆಯಿಲ್ ಬಾತ್ ಏರ್ ಫಿಲ್ಟರ್ ಬಿಚ್ಚಿ, ಬಟ್ಟಲಿನಲ್ಲಿ ಗುರುತಿನವರೆಗೆ ಆಯಿಲ್ ಇದೆಯೇ ನೋಡಿ. ಒಣಗಿದ್ದರೆ ಎರೆಹೊಲದ ಧೂಳು ನೇರ ಸಿಲಿಂಡರಿಗೆ ಹೋಗಿದೆ. ಪೆಟ್ರೋಲ್ ಗಾಡಿಯಾದರೆ ಏಪ್ರಿಲ್ ಮಧ್ಯಾಹ್ನ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ. ಏಳದಿದ್ದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿರಬಹುದು. ಆ ಪೈಪನ್ನು ಸೈಲೆನ್ಸರಿನ ಕಾವಿನಿಂದ ದೂರ ಸರಿಸಬೇಕು.